ಟ್ಯೂಬಿನಿಂದ ಕತ್ತರಿಸುವ ಭಾಗಗಳಿಗೆ ಫ್ರೀಕ್ಯಾಡ್: ದೀರ್ಘ ಬಳಕೆಯ ನಂತರ

ಸ್ಯಾಡಲ್ (ಪೈಪಿನ ಮೇಲೆ ಕೂರುವ ಬಾಗಿದ ತುಂಡು), ಅರ್ಧ ಕ್ಲ್ಯಾಂಪ್, ಪೈಪಿನೊಳಗೆ ಇನ್ನೊಂದು ಪೈಪ್ ತೂರಿಸುವ ತೂತು: ಇಂಥ ಕೆಲಸಕ್ಕೆ ಕಂಪ್ಯೂಟರಿನಲ್ಲಿ ಭಾಗಗಳನ್ನು ವಿನ್ಯಾಸ ಮಾಡುವ ಉಚಿತ ತಂತ್ರಾಂಶ ಫ್ರೀಕ್ಯಾಡ್ ಧಾರಾಳವಾಗಿ ಸಾಕು. ಆದರೆ ಅದರ ಅತಿ ಸುಲಭದ ದಾರಿಯೇ ತಪ್ಪು ಭಾಗವನ್ನು ಕೊಡುತ್ತದೆ.

ಉದಾಹರಣೆಗೆ ಹೊರವ್ಯಾಸ 50 ಮಿ.ಮೀ., ಗೋಡೆ 2 ಮಿ.ಮೀ. ಇರುವ ಟ್ಯೂಬ್. 120 ಡಿಗ್ರಿ ತುಂಡು ಬೇಕಿದ್ದರೆ ಪೂರ್ತಿ ಉಂಗುರ ಎಳೆದು ಆಮೇಲೆ ಕತ್ತರಿಸಬೇಡಿ. ಸ್ಕೆಚ್‌ನಲ್ಲೇ 25 ಮತ್ತು 23 ತ್ರಿಜ್ಯದ ಎರಡು ಕಮಾನು ಬರೆದು, ತುದಿಗಳನ್ನು ಕೇಂದ್ರದತ್ತ ಮುಚ್ಚಿ ಪ್ಯಾಡ್ ಮಾಡಿ, ಅಂದರೆ ಆ ಚಿತ್ರವನ್ನು ಎಳೆದು ಘನವಾಗಿಸಿ. ಒಂದೇ ಟ್ಯೂಬಿನಿಂದ ಮೂರು ತುಂಡು ತೆಗೆಯುವುದಾದರೆ ಗರಗಸ ತಿನ್ನುವ ಅಂಚನ್ನೂ ಕಳೆಯಬೇಕು. 1 ಮಿ.ಮೀ. ಕಟ್ ಅಂದರೆ ತುಂಡಿಗೆ ಉಳಿಯುವುದು ಸುಮಾರು 117.7 ಡಿಗ್ರಿ.

ತೂತಿನ ಸ್ಕೆಚ್ ಅನ್ನು ಅಕ್ಷದ ಮೂಲಕ ಹಾಯುವ ಮೂಲ ಸಮತಲಕ್ಕೇ ಅಂಟಿಸಿ. ಪಾಕೆಟ್‌ನಲ್ಲಿ (ಸ್ಕೆಚ್ ಆಕಾರದಲ್ಲಿ ಕೊರೆಯುವ ಸಾಧನ) 'ಥ್ರೂ ಆಲ್', ಅಂದರೆ ಆಚೆವರೆಗೂ ಎಂದು ಕೊಟ್ಟರೆ ಒಂದೇ ಗೋಡೆ ಕತ್ತರಿಸುತ್ತದೆ, ಎದುರಿನದ್ದು ಕತ್ತರಿಸಿದರೆ ದಿಕ್ಕು ತಿರುಗಿಸಿ.

ಎಡವುವುದು ಇಲ್ಲೇ. ಪಾಕೆಟ್ ನೇರ ಕೆಳಗಿಳಿಯುತ್ತದೆ; ಸಾಮಾನ್ಯ ಟ್ಯೂಬ್ ಲೇಸರ್‌ನ ಕಿರಣ ಮಾತ್ರ ಸದಾ ಅಕ್ಷದತ್ತಲೇ ಇರುತ್ತದೆ. 40 ಮಿ.ಮೀ. ತೂತಿನ ಹೊರಗೆರೆ ಹಿಡಿದು ಹಾಗೆ ಕತ್ತರಿಸಿದರೆ ಒಳಅಂಚಿನ ಅಗಲ 36.8 ಮಿ.ಮೀ.ಗೆ ಇಳಿಯುತ್ತದೆ. 40ರ ಪೈಪ್ ಒಳಹೋಗುವುದಿಲ್ಲ, ಗ್ರೈಂಡರ್ ಹಿಡಿಯಬೇಕಾಗುತ್ತದೆ. ಒಳಗೆ 40 ಉಳಿಯಬೇಕಿದ್ದರೆ ಹೊರಗಿನ ಅಗಲ ಸುಮಾರು 43.5 ಇರಬೇಕು. ಸಡಿಲಿಕೆ ಬೇರೆ ಸೇರಿಸಿ. ಸಣ್ಣ ಸ್ಕ್ರೂ ತೂತಿಗೆ ಈ ಲೆಕ್ಕ ಬೇಡ.

ತ್ರಿಜ್ಯದ ದಿಕ್ಕಿನ ಕಟ್‌ಗೆ ಕರ್ವ್ಸ್ ಆಡ್‌ಆನ್‌ನ 'ಸ್ಕೆಚ್ ಆನ್ ಸರ್ಫೇಸ್' (ಸ್ಕೆಚ್ ಅನ್ನು ಬಾಗಿದ ಮೇಲ್ಮೈಗೆ ಸುತ್ತುವ ಸಾಧನ) ಒಳ್ಳೆಯದು. ಸುತ್ತಳತೆ 157.08 ಅಗಲ, ಟ್ಯೂಬಿನ ಉದ್ದದಷ್ಟೇ ಎತ್ತರದ ಕನ್‌ಸ್ಟ್ರಕ್ಷನ್ ಚೌಕಟ್ಟು (ಕತ್ತರಿಸದ, ಸಹಾಯಕ ಗೆರೆಗಳದ್ದು) ಇಲ್ಲದಿದ್ದರೆ ಆಕಾರ ಹಿಗ್ಗುತ್ತದೆ. ಕತ್ತರಿಸುವ ಘನ ಗೋಡೆಯ ಎರಡೂ ಬದಿಗೆ 0.5 ಮಿ.ಮೀ. ಚಾಚಿರಲಿ, ಮೇಲ್ಮೈಗಳು ಒಂದರ ಮೇಲೊಂದು ಸರಿಯಾಗಿ ಕೂತರೆ ಬೂಲಿಯನ್ (ಒಂದು ಘನದಿಂದ ಇನ್ನೊಂದನ್ನು ಕಳೆಯುವ ಕ್ರಿಯೆ) ಕೈಕೊಡುವುದುಂಟು. ತೂತು ಸಿಲಿಂಡರಿನ ಸೀಮ್ ಗೆರೆ (ಸುತ್ತಿದ ಮೇಲ್ಮೈಯ ಎರಡು ಅಂಚು ಕೂಡುವಲ್ಲಿ) ದಾಟದಂತೆಯೂ ನೋಡಿಕೊಳ್ಳಿ.

ಶೀಟ್‌ಮೆಟಲ್ ಆಡ್‌ಆನ್‌ನ ಅನ್‌ಫೋಲ್ಡ್ (ಬಾಗಿದ್ದನ್ನು ಚಪ್ಪಟೆಯಾಗಿ ಬಿಚ್ಚುವ ಸಾಧನ) ಅಷ್ಟು ನಂಬಿಕಸ್ಥ ಅಲ್ಲ. ಮುಚ್ಚಿದ ಟ್ಯೂಬಿಗೆ ಉದ್ದಕ್ಕೂ 0.1 ಮಿ.ಮೀ. ಸೀಳು ಬೇಕು. ಸುತ್ತಿ ಗುರುತು ಹಾಕುವ ಕಾಗದದ ಟೆಂಪ್ಲೇಟಿಗಾದರೆ ಹೊರಮೈ ಅಳತೆಯೇ ಬೇಕು. 120 ಡಿಗ್ರಿಗೆ ಅದು 52.36, ಕೆ-ಫ್ಯಾಕ್ಟರ್ (ಬಾಗಿಸಿದಾಗ ಉದ್ದ ಬದಲಾಗದ ಪದರ ದಪ್ಪದಲ್ಲಿ ಎಲ್ಲಿದೆ ಎನ್ನುವ ಅಂಕಿ) 0.5 ಇಟ್ಟರೆ 50.27 ಬಂದು 2 ಮಿ.ಮೀ. ಕಡಿಮೆಯಾಗುತ್ತದೆ.

2024ರ ನವೆಂಬರ್‌ನಲ್ಲಿ ಬಂದ 1.0 ಆವೃತ್ತಿಯಿಂದ, ಹಿಂದಿನ ಅಳತೆ ಬದಲಿಸಿದಾಗ ಮುಂದಿನ ಫೀಚರ್‌ಗಳು ತಾವು ಅಂಟಿದ್ದ ಮುಖ (ಘನದ ಮೇಲ್ಮೈ) ಕಳೆದುಕೊಂಡು ಮುರಿಯುವ ಕಾಟ ಬಹಳ ತಗ್ಗಿದೆ, ಪೂರ್ತಿ ಹೋಗಿಲ್ಲ. ಕತ್ತರಿಸುವವರಿಗೆ ದುಂಡು ಮೇಲ್ಮೈಯನ್ನು ಹಾಗೇ ಉಳಿಸುವ ಸ್ಟೆಪ್ ಫೈಲ್ ಕೊಡಿ. ಎಸ್‌ಟಿಎಲ್ (ಮೇಲ್ಮೈಯನ್ನು ತ್ರಿಕೋನಗಳಾಗಿ ಬರೆಯುವ ಫೈಲ್) ಕೊಟ್ಟರೆ ದುಂಡಗಿನ ಟ್ಯೂಬ್ ಚಪ್ಪಟೆ ಪಟ್ಟಿಗಳಾಗಿ ಹೋಗುತ್ತದೆ.