ವೆಬ್ಲಿ ಆ್ಯಂಡ್ ಸ್ಕಾಟ್ 700: ಕ್ಲೇ ಶೂಟಿಂಗ್‌ಗೆ ಹಳೆಯ ಜೋಡುನಳಿಗೆ ಕೋವಿ

ಇಂಗ್ಲೆಂಡಿನ ಕ್ಲೇ ಶೂಟಿಂಗ್ ಮೈದಾನಗಳಲ್ಲಿ, ಅಂದರೆ ಗಾಳಿಗೆ ಹಾರಿಸಿದ ಕ್ಲೇ ಎಂಬ ಬಿಲ್ಲೆಗಳನ್ನು ಹೊಡೆಯುವ ಕಡೆ, ಬಹುಪಾಲು ಜನರ ಕೈಯಲ್ಲಿರುವುದು ನಳಿಗೆಗಳು ಒಂದರ ಮೇಲೊಂದು ಕೂತಿರುವ ಕೋವಿ. ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜಿಸುತ್ತಿದ್ದ ಜೋಡುನಳಿಗೆ ಕೋವಿಯನ್ನು ಕೊಡಗಿನ ಮನೆಯಲ್ಲಿ ನೋಡುತ್ತ ಬೆಳೆದ ನನಗೆ ಆ ಆಕಾರ ಕೈಗೆ ಒಗ್ಗಲಿಲ್ಲ. ಹಾಗಾಗಿ ಇಲ್ಲಿ ಪರವಾನಗಿ ಸಿಕ್ಕ ಮೇಲೆ ನಳಿಗೆಗಳು ಪಕ್ಕಪಕ್ಕದಲ್ಲಿರುವ ಹಳೆಯ ಕೋವಿಯನ್ನೇ ಹುಡುಕಿದೆ. ಮೊದಲ ಪ್ರಯತ್ನದಲ್ಲಿ ಎಡವಿ, ಎರಡನೆಯದರಲ್ಲಿ ವೆಬ್ಲಿ ಆ್ಯಂಡ್ ಸ್ಕಾಟ್ 700ಕ್ಕೆ ಬಂದು ನಿಂತೆ.

ಎಡವಿದ್ದು ಕೆತ್ತನೆಯ ಮೋಹದಿಂದ. ಒಬ್ಬ ವ್ಯಾಪಾರಿಯಲ್ಲಿ ಕಂಡ, ಬಳ್ಳಿಯ ಕುಸುರಿ ತುಂಬಿದ ಹಳೆಯ ಕೋವಿಗೆ ಮುಂಗಡ ಕೊಟ್ಟ ಮೇಲೆ ಕೋವಿ ರಿಪೇರಿಯವರಿಂದ ಅಳತೆ ಮಾಡಿಸಿದಾಗ, ತುಕ್ಕಿನ ಗುಳಿಗಳನ್ನು ಉಜ್ಜಿ ತೆಗೆಯುವ ಭರದಲ್ಲಿ ನಳಿಗೆಯ ಗೋಡೆಯನ್ನು ಅಪಾಯವೆನಿಸುವಷ್ಟು ತೆಳ್ಳಗೆ ಮಾಡಿದ್ದು ತಿಳಿಯಿತು. ಒಳಗೆ ಕನ್ನಡಿಯಂತೆ ಹೊಳೆಯುವ ನಳಿಗೆ ಒಳ್ಳೆಯದೆಂಬ ನಂಬಿಕೆ ಅಂದಿಗೆ ಹೋಯಿತು. ಗೋಡೆಯ ಅತಿ ತೆಳುವಾದ ಜಾಗದಲ್ಲಿ ಕನಿಷ್ಠ 0.020 ಇಂಚು ದಪ್ಪ ಉಳಿದಿರಬೇಕೆಂಬುದು ಇಲ್ಲಿನ ಬಲ್ಲವರು ಸಾಮಾನ್ಯವಾಗಿ ಹೇಳುವ ಲೆಕ್ಕ, ಮತ್ತು ಅದನ್ನು ಉಪಕರಣವಿಟ್ಟು ಅಳೆಯಬೇಕೇ ಹೊರತು ಕಣ್ಣಂದಾಜಿನಿಂದ ತಿಳಿಯಲಾಗದು.

700 ಬರ್ಮಿಂಗ್‌ಹ್ಯಾಮ್‌ನ ಬಾಕ್ಸ್‌ಲಾಕ್ ಕೋವಿ, ಅಂದರೆ ಹೊಡೆಯುವ ಯಂತ್ರ ನಳಿಗೆಯ ಹಿಂದಿನ ಪೆಟ್ಟಿಗೆಯಂಥ ಲೋಹದ ಭಾಗದೊಳಗೇ ಕೂತಿರುವಂಥದ್ದು. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ತಯಾರಾದದ್ದು. ಇದರ ಒಳಗಿನ ಯಂತ್ರ 1875ರ ಆ್ಯನ್ಸನ್ ಮತ್ತು ಡೀಲಿಯವರ ವಿನ್ಯಾಸವನ್ನೇ ಆಧರಿಸಿದೆ. ಬಿಡಿಭಾಗಗಳು ಕಡಿಮೆಯಾದ್ದರಿಂದ ಕೆಡುವುದೂ ಕಡಿಮೆ, ಕೆಟ್ಟರೆ ರಿಪೇರಿ ಬಲ್ಲವರೂ ಸಿಗುತ್ತಾರೆ. ಅಲಂಕಾರ ಅಷ್ಟಿಲ್ಲದ ಕಾರಣ ಕೆಲವು ನೂರು ಪೌಂಡುಗಳಿಗೆ ದೊರೆಯುತ್ತದೆ.

ಕೊಳ್ಳುವಾಗ ನಳಿಗೆಗಳನ್ನು ಬಿಚ್ಚಿ ಅವುಗಳ ಕೆಳಗಿನ ಚಪ್ಪಟೆ ಭಾಗದಲ್ಲಿರುವ ಪ್ರೂಫ್ ಮುದ್ರೆಗಳನ್ನು, ಅಂದರೆ ನಳಿಗೆ ಒತ್ತಡದ ಪರೀಕ್ಷೆಯಲ್ಲಿ ಗೆದ್ದಿದೆ ಎಂಬ ಗುರುತುಗಳನ್ನು, ಓದಬೇಕು. 1813ರಲ್ಲಿ ಸ್ಥಾಪನೆಯಾದ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್ ಅಲ್ಲಿ ನಳಿಗೆಯ ಒಳವ್ಯಾಸವನ್ನೂ ಕಾಡತೂಸಿನ ಕೋಣೆಯ ಉದ್ದವನ್ನೂ ಒತ್ತಿರುತ್ತದೆ. 12 ಬೋರ್ ಗಾತ್ರದ ಕೋವಿಗೆ .729 ಇಂಚು ಎಂದಿದ್ದು, ಈಗ ಅಳೆದಾಗ 0.010 ಇಂಚಿಗಿಂತ ಹೆಚ್ಚು ಹಿಗ್ಗಿದ್ದರೆ ಆ ಮುದ್ರೆಗೆ ಬೆಲೆಯಿಲ್ಲ. ಕೋಣೆಯ ಉದ್ದದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 700ಗಳಲ್ಲಿ ಎರಡೂವರೆ ಇಂಚಿನ, ಅಂದರೆ 65 ಮಿ.ಮೀ. ಕೋಣೆಯವೂ ಇವೆ, ಎರಡೂಮುಕ್ಕಾಲು ಇಂಚಿನ, ಅಂದರೆ 70 ಮಿ.ಮೀ. ಕೋಣೆಯವೂ ಇವೆ. ಕಾಡತೂಸಿನ ಪೆಟ್ಟಿಗೆಯ ಮೇಲೆ ಬರೆದಿರುವುದು ಹೊಡೆದ ನಂತರ ಬಾಯಿ ಬಿಚ್ಚಿಕೊಂಡ ಕೊಳವೆಯ ಉದ್ದವಾದ್ದರಿಂದ, ಹೊಡೆಯದ 70ರ ಕಾಡತೂಸು 65ರ ಕೋಣೆಯೊಳಗೆ ಸರಾಗವಾಗಿ ಕೂತುಬಿಡುತ್ತದೆ. ಹೊಡೆದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಕೂತಿತೆಂದರೆ ಸರಿಹೊಂದಿತು ಎಂದು ಯಾರೂ ಭಾವಿಸಬಾರದು.

ಈ ಕೋವಿಯ ತೂಕ ಸುಮಾರು ಆರೂವರೆ ಪೌಂಡು. ದಿನವಿಡೀ ಹೊತ್ತು ತಿರುಗಲು ಸುಖ, ಆದರೆ 28 ಗ್ರಾಂ ಚರೆಯ (ಸಣ್ಣ ಗುಂಡುಗಳ) ಕಾಡತೂಸುಗಳನ್ನು ಒಂದೇ ಸಮನೆ ನೂರು ಹೊಡೆದರೆ ಭುಜಕ್ಕೂ ಕೆನ್ನೆಗೂ ಚೆನ್ನಾಗಿಯೇ ಪೆಟ್ಟು ಬೀಳುತ್ತದೆ. ನಾನು 21 ಅಥವಾ 24 ಗ್ರಾಂ ಸೀಸದ ಚರೆಯನ್ನೇ ಬಳಸುತ್ತೇನೆ. ಕ್ಲೇ ಒಡೆಯಲು ಅದು ಧಾರಾಳವಾಗಿ ಸಾಕು, ಹಳೆಯ ಮರಕ್ಕೂ ಹಿತ. ಉಕ್ಕಿನ ಚರೆಯನ್ನು ಇಂಥ ಬಿಗಿ ಚೋಕಿನ, ಅಂದರೆ ಬಾಯಿಯ ಬಳಿ ಹೆಚ್ಚು ಕಿರಿದಾದ, ಹಳೆಯ ನಳಿಗೆಗಳಲ್ಲಿ ನಾನು ಹಾಕುವುದಿಲ್ಲ.

ಎರಡು ಟ್ರಿಗರ್‌ಗಳು ಹೊಸಬರಿಗೆ ತೊಡಕೆನಿಸಬಹುದಾದರೂ ನನಗೆ ಇದರ ಅತ್ಯುತ್ತಮ ಗುಣ ಅದೇ. ಮುಂದಿನದನ್ನು ಎಳೆದರೆ ಸಡಿಲ ಚೋಕಿನ ಬಲನಳಿಗೆ, ಹಿಂದಿನದಕ್ಕೆ ಬಿಗಿ ಚೋಕಿನ ಎಡನಳಿಗೆ. ದೂರದಿಂದ ಎದುರಿಗೆ ಹಾರಿಬರುವ ಕ್ಲೇಗೆ ಮೊದಲು ಹಿಂದಿನದನ್ನು ಎಳೆಯುವ ಸ್ವಾತಂತ್ರ್ಯ ಇಲ್ಲಿದೆ. ನಳಿಗೆಯ ಕೆಳಗಿನ ಮರ ತೀರ ಕಿರಿದಾದ್ದರಿಂದ ಎಡಗೈ ಬಿಸಿ ನಳಿಗೆಯನ್ನೇ ಹಿಡಿಯಬೇಕಾಗುತ್ತದೆ. ಅದಕ್ಕಾಗಿ ನಳಿಗೆಗೆ ತೊಡಿಸುವ ಚರ್ಮದ ಕವಚವೊಂದನ್ನು ಕೊಂಡುಕೊಳ್ಳಿ.

ಹಬ್ಬದಲ್ಲಿ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆದ ಅಭ್ಯಾಸ ಇಲ್ಲಿ ನನಗೆ ಅಡ್ಡಿಯೇ ಆಯಿತು. ಹಾರುವ ಕ್ಲೇಯನ್ನು ನೋಡಬೇಕೇ ಹೊರತು ನಳಿಗೆಯನ್ನಲ್ಲ. ಹಾಗೆ ನಳಿಗೆಯನ್ನು ನೋಡದೆ ಹೊಡೆಯಬೇಕಾದರೆ ಕೋವಿಯ ಹಿಡಿ ಮೈಗೆ ಸರಿಯಾಗಿ ಹೊಂದಬೇಕು: ನನ್ನದನ್ನು ಬಿಸಿ ಎಣ್ಣೆಯಿಂದ ಕಾಯಿಸಿ ಸ್ವಲ್ಪ ಬಲಕ್ಕೆ ಬಾಗಿಸಿ, ಹಿಂದೆ ಅರ್ಧ ಇಂಚಿನ ರಬ್ಬರ್ ಕೂರಿಸಿದ ಮೇಲೆಯೇ ಎಡದಿಂದ ಬಲಕ್ಕೆ ಅಡ್ಡ ಹಾಯುವ ಕ್ಲೇಗಳು ಒಡೆಯತೊಡಗಿದವು. ದೂರದ ಕ್ಲೇಗಳಲ್ಲಿ ಅಂಕ ಗಳಿಸುವುದೇ ಮುಖ್ಯವೆನ್ನುವವರು ಭಾರದ ಹೊಸ ಕೋವಿಯನ್ನೇ ಕೊಳ್ಳಲಿ. ಬೇರೆಬೇರೆ ದಿಕ್ಕುಗಳಿಂದ ಕ್ಲೇ ಹಾರಿಬರುವ, ಮಧ್ಯಮ ದೂರದ ಸ್ಪೋರ್ಟಿಂಗ್ ಮೈದಾನಕ್ಕಾದರೆ, 28 ಇಂಚಿನ ನಳಿಗೆಯ, ಗೋಡೆ ದಪ್ಪವಿರುವ 700 ಸಿಕ್ಕರೆ ಬಿಡಬೇಡಿ.