ಕಲಾಕ್ಷೇತ್ರವೋ, ರಂಗಶಂಕರವೋ?

ಬೆಂಗಳೂರಿನಲ್ಲಿ ನಾಟಕ ನೋಡಲು ಒಂದೇ ಸಂಜೆ ಬಿಡುವಿದ್ದರೆ ಈ ಪ್ರಶ್ನೆ ಬಂದೇ ಬರುತ್ತದೆ.

ಟ್ಯಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿದ ರವೀಂದ್ರ ಕಲಾಕ್ಷೇತ್ರ 1963ರಲ್ಲಿ ತೆರೆಯಿತು. ಜೆ.ಸಿ. ರಸ್ತೆಯ ಹಾರ್ನ್ ಗದ್ದಲ ದಾಟಿ ಒಳಬಂದರೆ ಅಗಲವಾದ ಮೆಟ್ಟಿಲುಗಳು, ಅಲ್ಲಲ್ಲಿ ಗುಂಪುಗಟ್ಟಿ ಹರಟುವ ಹುಡುಗರು. ಹಿಂಭಾಗದಲ್ಲಿ ನಾಟಕಕಾರ ಸಂಸರ ಹೆಸರಿನ ಬಯಲು ರಂಗಮಂದಿರ. ಒಳಗಿನ ಸಭಾಂಗಣ ದೊಡ್ಡದು. ಹಿಂದಿನ ಸಾಲಿನಲ್ಲಿ ಕುಳಿತರೆ ನಟನ ಮುಖಭಾವವನ್ನು ಊಹಿಸಿಕೊಳ್ಳಬೇಕು. ಸನ್ಮಾನ, ಹಾರ, ಭಾಷಣಗಳೂ ಇಲ್ಲೇ ನಡೆಯುವುದರಿಂದ ಅಂದು ನಾಟಕವಿದೆಯೇ ಎಂದು ಮೊದಲೇ ವಿಚಾರಿಸಿ.

ಜೆ.ಪಿ. ನಗರದ ರಂಗಶಂಕರ ಶಂಕರ್ ನಾಗ್ ಕಂಡ ಕನಸು. ಅರುಂಧತಿ ನಾಗ್ ಮತ್ತು ಗೆಳೆಯರ ಛಲದಿಂದ 2004ರಲ್ಲಿ ನನಸಾಯಿತು. ಪ್ರೇಕ್ಷಕರ ನಡುವೆ ಚಾಚಿಕೊಂಡ ರಂಗ, ಮುನ್ನೂರು ಚಿಲ್ಲರೆ ಆಸನ. ನಟನ ಉಸಿರೂ ಕೇಳಿಸುತ್ತದೆ. ಆದರೆ ತಡವಾಗಿ ಬಂದವರಿಗೆ ಬಾಗಿಲು ತೆರೆಯುವುದಿಲ್ಲ, ಯಾರ ಶಿಫಾರಸೂ ನಡೆಯದು. ನನಗೆ ಈ ಕಟ್ಟುನಿಟ್ಟೇ ಇಷ್ಟ.

ಮೊದಲ ಬಾರಿ ನಾಟಕ ನೋಡುವವರಿಗೆ ರಂಗಶಂಕರವನ್ನೇ ಹೇಳುತ್ತೇನೆ. ಕನ್ನಡ ರಂಗಭೂಮಿಯ ಹಳೆಯ ಬೆವರಿನ ವಾಸನೆ ಬೇಕೆನ್ನುವವರು ಕಲಾಕ್ಷೇತ್ರಕ್ಕೆ ಹೋಗಲಿ, ಮುಂದಿನ ಸಾಲು ಹಿಡಿದುಕೊಂಡು.