ರಿಟರ್ನ್ ಶುಲ್ಕ ಕೊಟ್ಟರೂ ನನಗೆ ಅದೇ ಅನುಕೂಲ: ಮೂರು ಬಗೆಯ ಆನ್‌ಲೈನ್ ಅಂಗಡಿಗಳ ಹೋಲಿಕೆ

ಬಟ್ಟೆ ಮತ್ತು ಶೂಗಳನ್ನು ಬಹುಪಾಲು ಆನ್‌ಲೈನ್‌ನಲ್ಲೇ ಕೊಳ್ಳುವ ನಾನು ಈಗ, ವಸ್ತುವನ್ನು ಹಿಂದಿರುಗಿಸಿದರೆ ಶುಲ್ಕ ಮುರಿದುಕೊಳ್ಳುವ ತಾಣದಿಂದಲೇ ತರಿಸಿಕೊಳ್ಳುತ್ತೇನೆ. ಪುಕ್ಕಟೆಯಾಗಿ ವಾಪಸ್ ತೆಗೆದುಕೊಳ್ಳುವವರು ಇರುವಾಗ ದುಡ್ಡು ತೆತ್ತು ಹಿಂದಿರುಗಿಸುವುದು ಯಾವ ಜಾಣತನ ಎಂದು ಪರಿಚಿತರು ಹುಬ್ಬೇರಿಸುತ್ತಾರೆ. ಉಚಿತ ರಿಟರ್ನ್ ಎಂಬ ಸೌಲಭ್ಯವನ್ನು ನಿಜಕ್ಕೂ ಬಳಸಿಕೊಂಡವರ ಖಾತೆಯ ಮೇಲೆ ಎಂಥ ಗುರುತು ಬೀಳುತ್ತದೆ, ಅದು ಬಿದ್ದ ಮೇಲೆ ಅದೇ ಸೌಲಭ್ಯ ಹೇಗೆ ಕೈಜಾರುತ್ತದೆ ಎಂಬುದನ್ನು ಅವರಿನ್ನೂ ಕಂಡಿಲ್ಲ.

ಹೋಲಿಕೆಗೆ ಇಟ್ಟುಕೊಂಡಿರುವುದು ನಾನು ಸಾಕಷ್ಟು ಕಾಲ ಬಳಸಿದ ಮೂರು ಬಗೆಯ ತಾಣಗಳನ್ನು. ಮೊದಲನೆಯದು, ಸಾವಿರಾರು ಮಾರಾಟಗಾರರು ಒಂದೇ ಸೂರಿನಡಿ ಮಾರುವ, ‘ಉಚಿತ ರಿಟರ್ನ್’ ಎಂದು ಪುಟಪುಟಕ್ಕೂ ಸಾರುವ ದೊಡ್ಡ ತಾಣ. ಎರಡನೆಯದು, ಬಟ್ಟೆ ಮತ್ತು ಪಾದರಕ್ಷೆಗಳನ್ನು ಮಾತ್ರ ಮಾರುವ, ರಿಟರ್ನ್‌ಗೆ ನಿಗದಿತ ಶುಲ್ಕ ಹಿಡಿಯುವ ಮಧ್ಯಮ ಗಾತ್ರದ ತಾಣ. ಮೂರನೆಯದು, ತಯಾರಕರೇ ನಡೆಸುವ, ಹಣ ವಾಪಸ್ ಕೊಡದೆ ಎಕ್ಸ್‌ಚೇಂಜ್ ಇಲ್ಲವೇ ಖರೀದಿ ಕ್ರೆಡಿಟ್ ಮಾತ್ರ ನೀಡುವ ತಾಣ. ಬೆಲೆ, ಆಯ್ಕೆಗಳ ಸಂಖ್ಯೆ, ಡೆಲಿವರಿಯ ವೇಗ ಇವೆಲ್ಲ ಯಾರಿಗಾದರೂ ಕಣ್ಣಿಗೆ ಕಾಣುವಂಥವು. ಅವುಗಳಲ್ಲಿ ದೊಡ್ಡ ತಾಣವೇ ಮುಂದು ಎಂದಷ್ಟೇ ಹೇಳಿ ಮುಂದುವರಿಯುತ್ತೇನೆ.

ನನ್ನ ಅಭ್ಯಾಸವನ್ನೂ ಹೇಳಬೇಕು. ನನ್ನ ಎಡಪಾದ ಬಲಪಾದಕ್ಕಿಂತ ತುಸು ಉದ್ದ, ಹೀಗಾಗಿ ಎರಡು ಸೈಜ್‌ಗಳ ನಡುವೆ ಸಿಕ್ಕಿಕೊಳ್ಳುವುದು ನನಗೆ ಮಾಮೂಲು. ಒಂದೇ ಶೂವನ್ನು ಎರಡು ಸೈಜ್‌ಗಳಲ್ಲಿ ತರಿಸಿ, ಹೊಂದಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಕಳಿಸುವುದು ನನ್ನ ಪದ್ಧತಿ. ವ್ಯಾಪಾರ ವಲಯದಲ್ಲಿ ಇದನ್ನು ಬ್ರ್ಯಾಕೆಟಿಂಗ್ ಎನ್ನುತ್ತಾರೆ. ಸಮಾರಂಭಕ್ಕೆ ತೊಟ್ಟು, ಟ್ಯಾಗ್ ಹಾಗೆಯೇ ಉಳಿಸಿ, ಮರುದಿನ ಹಿಂದಿರುಗಿಸುವ ವಾರ್ಡ್ರೋಬಿಂಗ್ ಎಂಬ ಚಾಳಿಗೂ ಇದಕ್ಕೂ ಅಜಗಜಾಂತರವಿದ್ದರೂ, ರಿಟರ್ನ್‌ಗಳನ್ನು ಎಣಿಸುವ ಯಂತ್ರಕ್ಕೆ ಎರಡೂ ಬರೀ ಹಿಂದೆ ಬಂದ ಪೊಟ್ಟಣಗಳು. ಎರಡು ಜೊತೆ ತರಿಸಿ ಒಂದನ್ನು ಕಳಿಸಿದರೆ ಕಾಗದದ ಮೇಲೆ ನಾನು ಕೊಂಡಿದ್ದರಲ್ಲಿ ಅರ್ಧದಷ್ಟನ್ನು ಹಿಂದಿರುಗಿಸುವ ಗ್ರಾಹಕ.

ದೊಡ್ಡ ತಾಣದಲ್ಲಿ ಮೊದಮೊದಲು ಎಲ್ಲವೂ ಸುಗಮವಾಗಿತ್ತು. ಪೊಟ್ಟಣ ಒಯ್ಯಲು ಬಂದವರು ಬಾರ್‌ಕೋಡ್ ಸ್ಕ್ಯಾನ್ ಮಾಡಿದ ಕೂಡಲೇ ರೀಫಂಡ್ ಸಂದೇಶ ಬರುತ್ತಿತ್ತು. ಬದಲಾವಣೆ ಸದ್ದಿಲ್ಲದೆ ಬಂತು. ‘ರೀಫಂಡ್ ನೀಡಲಾಗಿದೆ’ ಎನ್ನುವ ಸಾಲಿನ ಜಾಗದಲ್ಲಿ ‘ಪರಿಶೀಲನೆಯ ನಂತರ ನೀಡಲಾಗುವುದು’ ಎಂಬ ಸಾಲು ಕಾಣಿಸಿಕೊಂಡಿತು. ಅದರ ಬೆನ್ನಿಗೇ, ನನ್ನ ಖಾತೆಯಲ್ಲಿ ಅಸಾಮಾನ್ಯ ಪ್ರಮಾಣದ ರಿಟರ್ನ್‌ಗಳು ಕಂಡುಬಂದಿವೆ ಎಂಬ ಇಮೇಲ್ ಬಂತು. ಸಾಮಾನ್ಯ ಪ್ರಮಾಣ ಎಷ್ಟು ಎಂಬುದು ಅದರಲ್ಲಿರಲಿಲ್ಲ. ನಿಯಮ ಮತ್ತು ಷರತ್ತುಗಳ ಉದ್ದನೆಯ ಪುಟದಲ್ಲೂ ಇರಲಿಲ್ಲ.

ಅದರ ನಿಜವಾದ ಬಿಸಿ ತಟ್ಟಿದ್ದು ಮುಂದಿನ ಖರೀದಿಯಲ್ಲಿ. ಬಂದ ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ನಾನು ಕೇಳಿದ ಸೈಜ್ ಸರಿಯಾಗಿಯೇ ಇತ್ತು. ಒಳಗಿದ್ದ ಶೂಗಳಲ್ಲಿ ಬಲಗಾಲಿನದರ ನಾಲಿಗೆಯ ಹಿಂಬದಿಗೆ ಹೊಲಿದ ಪಟ್ಟಿಯಲ್ಲಿ 8 ಎಂದೂ ಎಡಗಾಲಿನದರಲ್ಲಿ 7 ಎಂದೂ ಇತ್ತು. ಅಡಿಭಾಗವನ್ನು ಒಂದಕ್ಕೊಂದು ಒತ್ತಿ ಹಿಡಿದರೆ ಹಿಮ್ಮಡಿಯ ಬಳಿ ವ್ಯತ್ಯಾಸ ಢಾಳಾಗಿ ಕಾಣುತ್ತಿತ್ತು. ನನ್ನ ಪಾದಗಳಲ್ಲಿ ದೊಡ್ಡದು ಎಡಪಾದವೆಂಬ ಕಾರಣಕ್ಕೆ, ಆ ತಪ್ಪು ಕೂಡ ನನ್ನ ಕಾಲಿಗೆ ತಿರುವುಮುರುವಾಗಿತ್ತು! ಮಾರಾಟಗಾರರ ಗೋದಾಮಿನಲ್ಲಿ ಜೋಡಿ ಅದಲುಬದಲಾಗಿತ್ತು ಎಂಬುದರಲ್ಲಿ ಸಂಶಯವೇ ಇರಲಿಲ್ಲ. ಆದರೆ ನನ್ನ ಆರ್ಡರ್‌ನ ಪುಟದಲ್ಲಿ ರಿಟರ್ನ್ ಬಟನ್ ಇರಬೇಕಾದಲ್ಲಿ ‘ಈ ವಸ್ತುವಿಗೆ ರಿಟರ್ನ್ ಸೌಲಭ್ಯ ಅನ್ವಯಿಸುವುದಿಲ್ಲ’ ಎಂದು ಬೂದುಬಣ್ಣದ ಅಕ್ಷರಗಳಲ್ಲಿ ಬರೆದಿತ್ತು. ಲಾಗ್ ಔಟ್ ಆಗಿ ಅದೇ ಶೂವಿನ ಪುಟ ತೆರೆದರೆ ‘ಉಚಿತ ರಿಟರ್ನ್’ ಎಂಬ ಭರವಸೆ ಎಂದಿನಂತೆ ರಾರಾಜಿಸುತ್ತಿತ್ತು. ನಿರ್ಬಂಧ ಶೂವಿನ ಮೇಲಿರಲಿಲ್ಲ, ನನ್ನ ಮೇಲಿತ್ತು.

ಗ್ರಾಹಕ ಸೇವೆಯ ಚಾಟ್‌ನಲ್ಲಿ ಮೊದಲು ಯಂತ್ರದ ಜೊತೆ, ಆಮೇಲೆ ಮನುಷ್ಯರ ಜೊತೆ ಮಾತಾಡಿದೆ. ಪ್ರತಿ ಬಾರಿಯೂ ಹೊಸಬರು ಬರುತ್ತಿದ್ದರು, ಪ್ರತಿ ಬಾರಿಯೂ ಫೋಟೋಗಳನ್ನು ಹೊಸದಾಗಿ ಕೇಳುತ್ತಿದ್ದರು: ಪೆಟ್ಟಿಗೆಯ ಬಾರ್‌ಕೋಡ್, ನಾಲಿಗೆಯ ಪಟ್ಟಿ, ಅಡಿಭಾಗ, ಮತ್ತೆ ಪೆಟ್ಟಿಗೆ. ಖಾತೆಯ ಮೇಲೆ ನಿರ್ಬಂಧವಿದೆಯೇ ಎಂದು ನೇರವಾಗಿ ಕೇಳಿದರೆ ಇದೆ ಎನ್ನುವುದಿಲ್ಲ, ಇಲ್ಲ ಎನ್ನುವುದೂ ಇಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ, ‘ಸಂಬಂಧಪಟ್ಟ ತಂಡಕ್ಕೆ ವರ್ಗಾಯಿಸಿದ್ದೇವೆ’ ಎಂಬುದೊಂದೇ ಉತ್ತರ. ಆ ತಂಡದ ಜೊತೆ ಗ್ರಾಹಕರು ಮಾತಾಡುವ ದಾರಿಯಿಲ್ಲ. ಮೇಲ್ಮನವಿ ಎಂಬುದಂತೂ ಇಲ್ಲವೇ ಇಲ್ಲ. ಕೊನೆಗೆ ಹಣವೇನೋ ಬಂತು, ಆದರೆ ಬ್ಯಾಂಕ್ ಖಾತೆಗಲ್ಲ, ಅದೇ ತಾಣದ ವಾಲೆಟ್‌ಗೆ. ಹಿಂದಿರುಗಿಸುವ ಹಕ್ಕನ್ನು ಕಿತ್ತುಕೊಂಡ ಅಂಗಡಿಯಲ್ಲೇ ಆ ಹಣವನ್ನು ಖರ್ಚು ಮಾಡಬೇಕಾಯಿತು.

ಇದು ನನ್ನೊಬ್ಬನ ಪಾಡಲ್ಲ. ಅತಿಯಾಗಿ ಹಿಂದಿರುಗಿಸಿದವರ ಖಾತೆಗಳನ್ನು ಅಮೆಜಾನ್ ಮುಚ್ಚುತ್ತಿದೆ, ಕೆಲವರಿಗೆ ಕಾರಣವನ್ನೂ ತಿಳಿಸಿಲ್ಲ ಎಂದು ವಾಲ್ ಸ್ಟ್ರೀಟ್ ಜರ್ನಲ್ 2018ರಲ್ಲೇ ವರದಿ ಮಾಡಿತ್ತು. ಅಮೆರಿಕದ ಅಂಗಡಿಗಳ ಪರವಾಗಿ ಗ್ರಾಹಕರ ರಿಟರ್ನ್ ಇತಿಹಾಸವನ್ನು ಅಳೆದು ಕೊಡಲು ದಿ ರಿಟೇಲ್ ಈಕ್ವೇಶನ್ ಎಂಬ ಪ್ರತ್ಯೇಕ ಕಂಪನಿಯೇ ಇದೆ. ಅಲ್ಲಿನ ಎಲೆಕ್ಟ್ರಾನಿಕ್ ವಸ್ತುಗಳ ಅಂಗಡಿ ಸರಣಿ ಬೆಸ್ಟ್ ಬೈ ಅದರ ಸೇವೆ ಬಳಸುತ್ತಿದ್ದುದು ಅದೇ ವರ್ಷ ಸುದ್ದಿಯಾಯಿತು. ಬ್ರಿಟನ್ನಿನ ಆನ್‌ಲೈನ್ ಬಟ್ಟೆ ಅಂಗಡಿ ಅಸೋಸ್ 2019ರಲ್ಲಿ ರಿಟರ್ನ್ ಅವಧಿಯನ್ನು 28 ದಿನಗಳಿಂದ 45 ದಿನಗಳಿಗೆ ಹಿಗ್ಗಿಸಿತು. ಅದೇ ಪ್ರಕಟಣೆಯಲ್ಲಿ, ಅಸಹಜ ರೀತಿಯಲ್ಲಿ ಹಿಂದಿರುಗಿಸುವವರ ಖಾತೆಗಳನ್ನು ತನಿಖೆ ಮಾಡಿ ನಿಷ್ಕ್ರಿಯಗೊಳಿಸಬಹುದು ಎಂದೂ ಹೇಳಿತು. ಒಂದು ಕೈಯಿಂದ ಅವಧಿ ಹಿಗ್ಗಿಸುವುದು, ಇನ್ನೊಂದು ಕೈಯಿಂದ ಬಳಸಿದವರನ್ನು ಎಣಿಸುವುದು ಉಚಿತ ರಿಟರ್ನ್‌ನ ಜಾಯಮಾನವೆಂದೇ ನನಗೆ ತೋರುತ್ತದೆ. ಹಿಂದೆ ಬಂದ ಪ್ರತಿ ಪೊಟ್ಟಣಕ್ಕೂ ಸಾಗಣೆ, ಪರಿಶೀಲನೆ, ಮರುಪ್ಯಾಕಿಂಗ್‌ನ ಖರ್ಚಿದೆ, ಕೆಲವೊಮ್ಮೆ ಆ ವಸ್ತು ಹೊಸದೆಂದು ಮತ್ತೆ ಮಾರಾಟವಾಗುವುದೂ ಇಲ್ಲ. ಈ ಖರ್ಚನ್ನು ಎಲ್ಲರಿಗೂ ಬಹಿರಂಗವಾಗಿ ವಿಧಿಸದವರು ಕೆಲವರನ್ನು ಗುಟ್ಟಾಗಿ ಬದಿಗೆ ಸರಿಸಿ ತುಂಬಿಕೊಳ್ಳುತ್ತಾರೆ. ಹೆಚ್ಚು ಹಿಂದೆ ಬರುವ ವಸ್ತುಗಳ ಪುಟದಲ್ಲಿ ‘ಇದನ್ನು ಗ್ರಾಹಕರು ಪದೇಪದೇ ಹಿಂದಿರುಗಿಸುತ್ತಾರೆ’ ಎಂಬ ಎಚ್ಚರಿಕೆಯ ಪಟ್ಟಿಯನ್ನು ಅಮೆಜಾನ್ 2023ರಿಂದ ಅಂಟಿಸುತ್ತಿದೆ. ವಸ್ತುವಿನ ಮೇಲಿನ ಗುರುತು ಎಲ್ಲರಿಗೂ ಕಾಣುತ್ತದೆ, ಮನುಷ್ಯರ ಮೇಲಿನ ಗುರುತು ಅವರಿಗೇ ಕಾಣದು.

ಈಗ ಶುಲ್ಕದ ತಾಣ. ಇಲ್ಲಿ ಹಣ ಪಾವತಿಸುವ ಮುನ್ನವೇ, ಹಿಂದಿರುಗಿಸಿದರೆ ಇಷ್ಟು ಮುರಿದುಕೊಳ್ಳುತ್ತೇವೆ ಎಂದು ಒಟ್ಟು ಮೊತ್ತದ ಕೆಳಗೇ ಬರೆದಿರುತ್ತದೆ. ದೋಷವಿದ್ದರೆ ಅಥವಾ ಬೇರೆ ವಸ್ತು ಬಂದರೆ ಶುಲ್ಕವಿಲ್ಲ. ನಾನು ನಿಯಮಗಳನ್ನು ಓದಿ ಕಂಡುಕೊಂಡ ಉಪಯುಕ್ತ ಸಂಗತಿಯೆಂದರೆ, ಶುಲ್ಕ ಬೀಳುವುದು ವಸ್ತುವಿಗಲ್ಲ, ಪೊಟ್ಟಣಕ್ಕೆ. ಹಾಗಾಗಿ ಆಗೊಂದು ಈಗೊಂದು ಆರ್ಡರ್ ಮಾಡುವುದನ್ನು ಬಿಟ್ಟು, ಬೇಕಾದ್ದನ್ನೆಲ್ಲ ಪಟ್ಟಿ ಮಾಡಿ ಒಟ್ಟಿಗೆ ತರಿಸುತ್ತೇನೆ, ಹೊಂದದ್ದನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಕಳಿಸುತ್ತೇನೆ. ಎರಡು ಸೈಜ್‌ಗಳಲ್ಲಿ ತರಿಸುವ ನನ್ನ ಪದ್ಧತಿ ಇಲ್ಲಿಯೂ ಮುಂದುವರಿದಿದೆ, ಯಾರೂ ತಕರಾರು ಎತ್ತಿಲ್ಲ; ನನ್ನ ರಿಟರ್ನ್‌ನ ಖರ್ಚನ್ನು ನಾನೇ ಭರಿಸುತ್ತಿರುವಾಗ ಎತ್ತಲು ಅವರಿಗೆ ಕಾರಣವೂ ಇಲ್ಲ.

ಕುಂದುಗಳೂ ಇವೆ. ಮನೆಗೆ ಬಂದು ಒಯ್ಯುವವರಿಲ್ಲ, ಸಂಗ್ರಹ ಕೇಂದ್ರಕ್ಕೆ ನಾವೇ ಮುಟ್ಟಿಸಬೇಕು. ರೀಫಂಡ್ ನಿಧಾನ. ಪೆಟ್ಟಿಗೆಯನ್ನು ಅಡ್ಡಾದಿಡ್ಡಿಯಾಗಿ ಹರಿದು ತೆಗೆದರೆ ಕಿರಿಕಿರಿ, ಏಕೆಂದರೆ ಅದರಲ್ಲೇ ಮರಳಿಸಬೇಕು. ಶುಲ್ಕ ತಪ್ಪಿಸಿಕೊಳ್ಳಲು, ಸೈಜ್ ಹೊಂದದ ಶೂವಿಗೆ ‘ದೋಷಪೂರಿತ’ ಎಂಬ ಕಾರಣ ಒತ್ತುವವರನ್ನು ನಾನು ಬಲ್ಲೆ. ಪರಿಶೀಲನೆಯ ಮೇಜಿನಲ್ಲಿ ಅದು ಸುಳ್ಳೆಂದು ತಿಳಿಯಲು ಹೊತ್ತು ಬೇಕಿಲ್ಲ, ಆಮೇಲೆ ಗುರುತು ಬಿದ್ದರೆ ದೂರುವಂತೆಯೂ ಇಲ್ಲ.

ಶುಲ್ಕ ಹಿಡಿಯುವುದೇ ಅನ್ಯಾಯವೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಆನ್‌ಲೈನ್‌ನಲ್ಲಿ ಕೊಂಡದ್ದನ್ನು ಕಾರಣ ಹೇಳದೆ 14 ದಿನಗಳೊಳಗೆ ರದ್ದುಪಡಿಸುವ ಹಕ್ಕು ಕೊಟ್ಟಿರುವ ಐರೋಪ್ಯ ಒಕ್ಕೂಟದ 2011ರ ನಿರ್ದೇಶನ ಕೂಡ, ಮೊದಲೇ ತಿಳಿಸಿದ್ದರೆ ಹಿಂದಿರುಗಿಸುವ ಖರ್ಚನ್ನು ಗ್ರಾಹಕರ ಮೇಲೆ ಹಾಕಬಹುದು ಎನ್ನುತ್ತದೆ. ಉಡುಪು ಕಂಪನಿ ಜಾರಾ 2022ರಲ್ಲಿ ಬ್ರಿಟನ್‌ನಲ್ಲಿ ಇಂಥ ಶುಲ್ಕ ತಂದಾಗ, ಅಂಗಡಿಗೇ ಒಯ್ದು ಕೊಟ್ಟರೆ ಉಚಿತ ಎಂಬ ದಾರಿಯನ್ನೂ ಉಳಿಸಿತ್ತು. 2024ರಲ್ಲಿ ಅಸೋಸ್ ಕೂಡ ಪದೇಪದೇ ಹಿಂದಿರುಗಿಸುವವರಿಗೆ ಶುಲ್ಕ ವಿಧಿಸಲು ತೊಡಗಿತು. ಖಾತೆ ಮುಚ್ಚುವುದಕ್ಕೆ ಹೋಲಿಸಿದರೆ ಇದು ಎಷ್ಟೋ ವಾಸಿ.

ತಯಾರಕರ ತಾಣದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಅಳತೆಯ ವಿಷಯದಲ್ಲಿ ಅವರನ್ನು ಮೀರಿಸುವವರಿಲ್ಲ: ಪಾದವನ್ನು ಸಂಜೆ ಅಳೆಯಿರಿ, ಆ ಹೊತ್ತಿಗೆ ಅದು ತುಸು ಊದಿರುತ್ತದೆ ಎಂದು ಹೇಳಿಕೊಟ್ಟವರು ಅವರೇ. ಕಾಗದದ ಮೇಲೆ ಎರಡೂ ಪಾದಗಳ ಅಚ್ಚು ತೆಗೆದು ಸೆಂಟಿಮೀಟರ್‌ನಲ್ಲಿ ಬರೆದಿಟ್ಟುಕೊಂಡ ಮೇಲೆ ನನ್ನ ರಿಟರ್ನ್‌ಗಳೂ ಕಡಿಮೆಯಾಗಿವೆ. ಆದರೆ ಸೈಜ್ ಬದಲಿಸಿದರೂ ಶೂವಿನ ಆಕಾರವೇ ಹೊಂದದಿದ್ದರೆ ಹಣ ಕ್ರೆಡಿಟ್ ಆಗಿ ಅಲ್ಲೇ ಉಳಿಯುತ್ತದೆ, ಅದನ್ನು ಮುಗಿಸಲೆಂದೇ ಬೇಡದ್ದನ್ನು ಕೊಳ್ಳಬೇಕಾಗುತ್ತದೆ. ತಿಂಗಳ ಖರ್ಚಿಗೆ ಇಂತಿಷ್ಟೇ ಎಂದು ತೆಗೆದಿಡುವ ನನ್ನಂಥವರಿಗೆ ಇದು ಒಗ್ಗದು. ಒಂದೇ ಮಾದರಿಯ ಶೂವನ್ನು ಮತ್ತೆ ಮತ್ತೆ ಕೊಳ್ಳುವವರಿಗೆ ಪರವಾಗಿಲ್ಲ.

ಗ್ರಾಹಕರ ಕುರಿತ ದಾಖಲೆಯನ್ನು ಕೇಳಿ ಪಡೆಯುವ ಹಾದಿ ಕೆಲವೆಡೆ ಇದೆ. ಐರೋಪ್ಯ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣಾ ನಿಯಮದಡಿ, ತಮ್ಮ ಬಗ್ಗೆ ಏನೇನು ಸಂಗ್ರಹಿಸಿದ್ದೀರಿ ಎಂದು ಯಾವ ಕಂಪನಿಯನ್ನಾದರೂ ಕೇಳಬಹುದು. ದಿ ರಿಟೇಲ್ ಈಕ್ವೇಶನ್ ಕೂಡ ಕೇಳಿದವರಿಗೆ ಅವರ ರಿಟರ್ನ್ ವರದಿಯನ್ನು ಕೊಡುತ್ತದೆ. ನಾನು ಬಳಸಿದ ದೊಡ್ಡ ತಾಣದಲ್ಲಿ ಅಂಥ ಕೊಂಡಿ ನನ್ನ ಕಣ್ಣಿಗೆ ಬೀಳಲಿಲ್ಲ.

ಆ ತಾಣವನ್ನು ಪೂರ್ತಿ ಬಿಟ್ಟಿಲ್ಲ. ಪುಸ್ತಕ, ಕೇಬಲ್, ಬ್ಯಾಟರಿಯಂಥ ಸೈಜ್‌ನ ಗೊಡವೆಯಿಲ್ಲದ ವಸ್ತುಗಳನ್ನು ಈಗಲೂ ಅಲ್ಲಿಂದಲೇ ತರಿಸುತ್ತೇನೆ. ದುಬಾರಿ ಎಲೆಕ್ಟ್ರಾನಿಕ್ ವಸ್ತುಗಳನ್ನು ಮಾತ್ರ ಅಲ್ಲಿ ಮುಟ್ಟುವುದಿಲ್ಲ, ಏಕೆಂದರೆ ನಿಜವಾಗಿ ಕೆಟ್ಟದ್ದು ಬಂದಾಗ ರಿಟರ್ನ್ ಬಟನ್ ಇರುತ್ತದೆಂಬ ಖಾತರಿ ನನ್ನ ಖಾತೆಗೆ ಉಳಿದಿಲ್ಲ. ಬಟ್ಟೆ, ಶೂಗಳಿಗೆ ಶುಲ್ಕದ ತಾಣವೇ. ಅದರ ಶುಲ್ಕವನ್ನು ಶೂವಿನ ಬೆಲೆಗೇ ಸೇರಿಸಿ ಲೆಕ್ಕ ಹಾಕುತ್ತೇನೆ, ಆಗಲೂ ದೊಡ್ಡ ತಾಣದ ಬೆಲೆಗಿಂತ ಕೊಂಚವಷ್ಟೇ ಹೆಚ್ಚಾಗುತ್ತದೆ. ಪಾದಗಳೆರಡೂ ಒಂದೇ ಅಳತೆಯವಾಗಿದ್ದು, ಅಪರೂಪಕ್ಕೊಮ್ಮೆ ಏನನ್ನಾದರೂ ಹಿಂದಿರುಗಿಸುವವರಿಗೆ ಈ ಹೆಚ್ಚುವರಿ ಖರ್ಚು ವ್ಯರ್ಥ. ಅವರು ಉಚಿತ ರಿಟರ್ನ್‌ನ ತಾಣದಲ್ಲೇ ಕೊಳ್ಳಲಿ, ಪೆಟ್ಟಿಗೆ ತೆರೆಯುವಾಗ ಒಂದೆರಡು ಫೋಟೋ ತೆಗೆದಿಟ್ಟುಕೊಂಡರೆ ಸಾಕು.